ಬುದ್ಧ ಸರ್ಕ್ಯೂಟ್‌ನ 3ನೇ ತಿರುವು ಯಾಕೆ ಅಷ್ಟು ಅಗಲ?

ಪಿಟ್‌ಗೋಡೆ:
ಗ್ರೇಟರ್ ನೋಯ್ಡಾದ ರೇಸ್ ಟ್ರ್ಯಾಕ್ ಬುದ್ಧ ಸರ್ಕ್ಯೂಟ್‌ನ ಹಳೇ ಆನ್‌ಬೋರ್ಡ್ ವಿಡಿಯೊ (ಕಾರಿನೊಳಗಿನ ಕ್ಯಾಮೆರಾದ್ದು) ನೋಡುತ್ತಿದ್ದೆ. 3ನೇ ತಿರುವು ಬಿಗಿಯಾಗಿದೆ, ಆದರೆ ಅದಕ್ಕೆ ಮುಂಚೆ ಟ್ರ್ಯಾಕ್ ಇದ್ದಕ್ಕಿದ್ದಂತೆ ಅಗಲವಾಗುತ್ತದೆ. ಸುರಕ್ಷತೆಗೋಸ್ಕರವಾ? ಮೂರೇ ವರ್ಷಕ್ಕೆ ಅಲ್ಲಿ ಎಫ್1 (ಫಾರ್ಮುಲಾ 1 ಕಾರ್ ರೇಸ್) ನಿಂತಿದ್ದು ಟ್ರ್ಯಾಕ್ ಸರಿ ಇಲ್ಲ ಅಂತಲಾ?

ಸ್ಲಿಪ್‌ಸ್ಟ್ರೀಮ್ ಶೆಟ್ಟಿ:
ಸುರಕ್ಷತೆಗಲ್ಲ ಮಾರಾಯ್ರೆ, ಓವರ್‌ಟೇಕ್‌ಗೆ. ಟ್ರ್ಯಾಕ್ ವಿನ್ಯಾಸ ಮಾಡಿದ ಹರ್ಮನ್ ಟಿಲ್ಕೆ ಬೇಕಂತಲೇ ಹಾಗೆ ಮಾಡಿದ್ದು. ಮುಂದಿನವನು ಒಳಗಡೆ ಅಡ್ಡ ಹಾಕಿದ ಅಂದುಕೊಳ್ಳಿ. ಅವನು ತಿರುವಿನಿಂದ ನಿಧಾನವಾಗಿಯೇ ಹೊರಬೀಳಬೇಕು. ಹಿಂದಿನವನು ಹೊರಗಡೆಯಿಂದ ಬಂದು, ತಡವಾಗಿ ಸ್ಟಿಯರಿಂಗ್ ತಿರುಗಿಸಿ, ಬೇಗ ಥ್ರಾಟಲ್ ಒತ್ತುತ್ತಾನೆ. ಮುಂದೆ ಒಂದು ಕಿ.ಮೀ.ಗೂ ಜಾಸ್ತಿ ನೇರ ದಾರಿ. ಸ್ಲಿಪ್‌ಸ್ಟ್ರೀಮ್ (ಮುಂದಿನ ಕಾರಿನ ಬೆನ್ನಿಗೆ ಗಾಳಿಯ ತಡೆ ಕಡಿಮೆ ಇರುವ ಜಾಗ) ಹಿಡಿದರೆ 4ನೇ ತಿರುವಿನ ಬ್ರೇಕಿಂಗ್‌ನಲ್ಲಿ ಜಾಗ ಸಿಗುತ್ತದೆ.

ಕೆಲಸ ಕೆಡಿಸಿದ್ದು ಧೂಳು. ರೇಸ್ ಇಲ್ಲದ ಟ್ರ್ಯಾಕ್ ಅಂದರೆ ಬೀಗ ಹಾಕಿದ ಮನೆ ಇದ್ದ ಹಾಗೆ. ಕಾರು ಓಡುವ ಲೈನ್ ಮೇಲೆ ಟೈರಿನ ರಬ್ಬರ್ ಕೂತು ಕಪ್ಪಾಗುತ್ತದೆ, ಪಕ್ಕದ್ದು ಧೂಳು ಹಿಡಿದು ಬೂದು ಬಣ್ಣದಲ್ಲೇ ಉಳಿಯುತ್ತದೆ. ಅಲ್ಲಿ ಚಕ್ರ ಇಟ್ಟರೆ ಹಿಡಿತವೇ ಇಲ್ಲ. ಇನ್ನು ಅಗಲ ಇದ್ದು ಏನು ಬಂತು?

ಕ್ಲಚ್ ಕೇಬಲ್:
ಎಫ್1 ನಿಂತಿದ್ದರಲ್ಲಿ ತೆರಿಗೆ ಜಗಳವೇ ದೊಡ್ಡದು. ಉತ್ತರ ಪ್ರದೇಶ ಸರ್ಕಾರ ಇದನ್ನು ಕ್ರೀಡೆ ಅಂತ ಒಪ್ಪಲಿಲ್ಲ, ಮನರಂಜನೆ ಅಂತ ತೆರಿಗೆ ಹಾಕಿತು. ಸುಮ್ನೆ ಟ್ರ್ಯಾಕ್‌ಗೆ ಯಾಕೆ ಬೈಯೋದು? 2023ರಲ್ಲಿ ಇದೇ ಟ್ರ್ಯಾಕ್‌ಗೆ ಮೋಟೋಜಿಪಿ ಬೈಕ್ ರೇಸ್ ಬಂತಲ್ಲ, ಬೆಜ್ಜೆಕ್ಕಿ ಗೆದ್ದ.

ಪಿಟ್‌ಗೋಡೆ:
ಆದರೂ ಇಲ್ಲಿನ ಮೂರು ಎಫ್1 ರೇಸೂ ಗೆದ್ದಿದ್ದು ಸೆಬಾಸ್ಟಿಯನ್ ವೆಟ್ಟಲ್ ಒಬ್ಬನೇ. ಬೋರ್ ಅಲ್ವಾ?

ಸ್ಲಿಪ್‌ಸ್ಟ್ರೀಮ್ ಶೆಟ್ಟಿ:
ಮೊದಲೆರಡು ಬೋರೇ, ಒಪ್ಪಿದೆ. ಎರಡರಲ್ಲೂ ಮೊದಲಿಂದ ಕೊನೆಯವರೆಗೆ ಅವನೇ ಮುಂದೆ. 2013 ಹಾಗಲ್ಲ. ಬೇಗ ಸವೆಯುವ ಸಾಫ್ಟ್ ಟೈರ್‌ನಲ್ಲಿ ಶುರು ಮಾಡಿ, ಟೈರ್ ಬದಲಿಸಲು ಎರಡನೇ ಲ್ಯಾಪ್‌ಗೇ ಪಿಟ್‌ಗೆ ಬಂದ. ಹಿಂದೆ ಬಿದ್ದು, ಒಬ್ಬೊಬ್ಬರನ್ನೇ ದಾಟಿ ಮೇಲೆ ಬಂದ. ಅವತ್ತೇ ಅವನ ನಾಲ್ಕನೇ ಚಾಂಪಿಯನ್‌ಶಿಪ್ ಖಾತ್ರಿಯಾಗಿದ್ದು. ಆ ರೇಸಿನ ಮೊದಲ ಅರ್ಧ ನೋಡಿ. ಆಮೇಲೆ ಹೇಳಿ, ಈ ಟ್ರ್ಯಾಕ್‌ನಲ್ಲಿ ಓವರ್‌ಟೇಕ್ ಆಗಲ್ಲ ಅಂತ.