ಮುಟ್ಟು, ಮಡಿ ಬಗ್ಗೆ ಯೂನಿವರ್ಸಿಟಿ ಗ್ಯಾಲರಿಯಲ್ಲಿ ಪ್ರದರ್ಶನ: ಮನೆಯವರನ್ನು ಕರೆಯಬೇಕಾ?

ಚಾಪೆಹುಡುಗಿ (ಉಡುಪಿ):
ನಾನು ಚಿತ್ರಕಲೆ ಕೊನೆಯ ವರ್ಷ. ಮುಂದಿನ ತಿಂಗಳು ನಮ್ಮ ಯೂನಿವರ್ಸಿಟಿ ಗ್ಯಾಲರಿಯಲ್ಲಿ ಮೂವರು ಹುಡುಗಿಯರು ಸೇರಿ ಪ್ರದರ್ಶನ ಇಟ್ಟಿದ್ದೇವೆ. ದೇವರು ದಿಂಡರು ಜಾಸ್ತಿ ಇರುವ ಮನೆಯಲ್ಲಿ ಬೆಳೆಯುವಾಗ ನಮ್ಮ ಮೈ ಬಗ್ಗೆ ಏನೆಲ್ಲ ಕಲಿತೆವು ಅನ್ನುವುದೇ ವಿಷಯ. ಒಬ್ಬಳು ಮಂಗಳೂರಿನ ಕ್ಯಾಥೊಲಿಕ್ ಮನೆಯವಳು, ಚರ್ಚಿಗೆ ಹಾಕುತ್ತಿದ್ದ ವೇಲ್ ಮೇಲೆ ಕಸೂತಿ ಮಾಡಿದ್ದಾಳೆ. ಇನ್ನೊಬ್ಬಳು ಬ್ಯಾರಿ, ಅವಳದ್ದು ಮದರಸದ ನೆನಪಿನ ಒಂದು ದೊಡ್ಡ ಪರದೆ. ನನ್ನದು ಒಂದು ಚಾಪೆ. ಮುಟ್ಟಾದಾಗ ಹಿಂದಿನ ಜಗಲಿಯಲ್ಲಿ ಕೂರುತ್ತಿದ್ದ ಅದೇ ಚಾಪೆ, ಅದರ ಮೇಲೆ ನಾನೇ ಮಲಗಿ ನನ್ನ ಮೈಯ ಗೆರೆಯನ್ನು ಕುಂಕುಮದ ನೀರಲ್ಲಿ ಎಳೆಸಿದ್ದೇನೆ. ಪಕ್ಕದಲ್ಲಿ ಬೇರೆ ಇಡುತ್ತಿದ್ದ ತಟ್ಟೆ, ಲೋಟ. ಗೋಡೆಯಲ್ಲಿ ಕೇಳಿ ಬೆಳೆದ ಮಾತುಗಳು: ತುಳಸಿ ಹತ್ತಿರ ಹೋಗಬೇಡ, ಉಪ್ಪಿನಕಾಯಿ ಭರಣಿ ಮುಟ್ಟಬೇಡ, ಕೇಳಿದವರಿಗೆ ಕಾಗೆ ಮುಟ್ಟಿದೆ ಅಂತ ಹೇಳು.

ಈಗ ಡಿಪಾರ್ಟ್‌ಮೆಂಟಿನಲ್ಲಿ ಒಬ್ಬರು, ಗಲಾಟೆ ಆದರೆ ಯಾರು ಹೊಣೆ, ಒಂದು ಪರದೆ ಕಟ್ಟಿ ಒಳಗೆ ಇಡಿ ಅಂತಿದ್ದಾರೆ. ಮನೆಯಲ್ಲಿ ಅಜ್ಜಿ ಈಗಲೂ ಮಡಿಯಲ್ಲೇ ಅಡುಗೆ ಮಾಡುವವರು, ಅಪ್ಪ ದೇವಸ್ಥಾನದ ಸಮಿತಿಯಲ್ಲಿ ಇದ್ದಾರೆ. ನಾನೂ ಸಂಜೆ ದೀಪ ಇಡುವವಳೇ, ದೇವರ ಮೇಲೆ ಸಿಟ್ಟಿಲ್ಲ. ಪರದೆ ಕಟ್ಟಬೇಕಾ? ಮನೆಯವರನ್ನು ಕರೆಯಬೇಕಾ?

ಹಳೇ ಫ್ರೇಮು (ಮಂಗಳೂರು):
ಪರದೆ ಬೇಡ. ಪರದೆ ಕಟ್ಟಿದರೆ ಏನೋ ಕೆಟ್ಟದ್ದು ಉಂಟು ಅಂತ ನೀವೇ ಬೋರ್ಡು ಹಾಕಿದ ಹಾಗೆ. ಆದರೆ ಹೆದರಿದವರನ್ನು ಸುಮ್ನೆ ಬೈಯಬೇಡಿ. 2007ರ ಮೇ ತಿಂಗಳಲ್ಲಿ ಬರೋಡದ ಎಂ.ಎಸ್. ಯೂನಿವರ್ಸಿಟಿಯಲ್ಲಿ ಪರೀಕ್ಷೆಗೆಂದು ಇಟ್ಟಿದ್ದ ಚಿತ್ರಗಳಿಗೆ ಹೊರಗಿನವರು ಬಂದು ಗಲಾಟೆ ಮಾಡಿದರು, ವಿದ್ಯಾರ್ಥಿಯನ್ನು ಪೊಲೀಸರು ಹಿಡಿದುಕೊಂಡು ಹೋದರು, ಅವನ ಪರ ನಿಂತ ಡೀನ್ ಸಸ್ಪೆಂಡ್ ಆದರು. ಮರುವರ್ಷ ದೆಹಲಿ ಹೈಕೋರ್ಟ್ ಚಿತ್ರಕಾರ ಎಂ.ಎಫ್. ಹುಸೇನ್ ಮೇಲಿದ್ದ ಅಶ್ಲೀಲತೆಯ ಕೇಸುಗಳನ್ನು ವಜಾ ಮಾಡಿ, ಬೆತ್ತಲೆ ಇದ್ದ ಮಾತ್ರಕ್ಕೆ ಅಶ್ಲೀಲ ಆಗುವುದಿಲ್ಲ ಎಂದಿತು. ಸರಿ, ಆದರೆ ಕೋರ್ಟು ಹೇಳುವಷ್ಟರಲ್ಲಿ ಆ ಮನುಷ್ಯ ದೇಶ ಬಿಟ್ಟಾಗಿತ್ತು.

ಹಾಗಾಗಿ ಅನುಮತಿ ಬಾಯಲ್ಲಿ ಬೇಡ, ಪತ್ರದಲ್ಲಿ ತೆಗೆದುಕೊಳ್ಳಿ, ಸೀಲು ಸಹಿತ. ಗೋಡೆಯ ಬರಹ ಕನ್ನಡದಲ್ಲಿ ಇರಲಿ. ನಮ್ಮ ಹುಡುಗರು ಇಂಗ್ಲಿಷಲ್ಲಿ ಎರಡು ಪುಟ ಬರೆದು ನೇತು ಹಾಕುತ್ತಾರೆ, ಅದನ್ನು ಬರೆದವರೂ ಮತ್ತೊಮ್ಮೆ ಓದುವುದಿಲ್ಲ! ನೋಡಲು ಬಂದವರಿಗೆ ಅರ್ಥ ಆಗದಿದ್ದರೆ ಮೊಬೈಲಲ್ಲಿ ಒಂದು ಫೋಟೋ ತೆಗೆದು ವಾಟ್ಸಾಪಿಗೆ ಹಾಕಿ ತಮಗೆ ಬೇಕಾದ ಅರ್ಥ ಕಟ್ಟುತ್ತಾರೆ. ಗ್ಯಾಲರಿ ತೆರೆದಷ್ಟು ಹೊತ್ತು ನಿಮ್ಮಲ್ಲಿ ಒಬ್ಬರು ಅಲ್ಲೇ ಕೂತಿರಿ.

ಸುಮತಿ ಆಂಟಿ:
ಮಗಳೇ, ಬೇಸರ ಮಾಡಬೇಡ, ನನಗೆ ಇದು ಇಷ್ಟ ಆಗಲಿಲ್ಲ. ನಮ್ಮದು ಕೂಡುಕುಟುಂಬ, ವರ್ಷವಿಡೀ ಒಲೆ ಎದುರೇ ಕೂತವರಿಗೆ ಆ ಮೂರು ದಿನವೇ ರಜೆ, ಕಥೆಪುಸ್ತಕ ಓದಿದ್ದೂ ಆಗಲೇ. ಎಲ್ಲವನ್ನೂ ಕಷ್ಟ ಅಂತ ತೋರಿಸುವುದು ಯಾಕೆ? ನಮ್ಮ ತುಳುನಾಡಲ್ಲಿ ಭೂಮಿತಾಯಿಯೂ ಮುಟ್ಟಾಗುತ್ತಾಳೆ ಅಂತ ಫೆಬ್ರವರಿಯಲ್ಲಿ ಕೆಡ್ಡಸ ಮಾಡುತ್ತೇವೆ. ಮೂರು ದಿನ ನೆಲ ಅಗೆಯುವ ಹಾಗಿಲ್ಲ, ಕೊನೆಗೆ ನೆಲಕ್ಕೆ ಎಣ್ಣೆ ಬಿಡುತ್ತೇವೆ. ಅಷ್ಟು ಗೌರವ ಕೊಟ್ಟ ಊರು ಇದು. ಅದನ್ನೂ ಹೇಳಬೇಕಲ್ವಾ?

ಚಾಪೆಹುಡುಗಿ:
ಆಂಟಿ, ಕೆಡ್ಡಸ ನನಗೂ ಇಷ್ಟ. ಆದರೆ ಭೂಮಿಗೆ ಎಣ್ಣೆ ಬಿಡುವ ಮನೆಯಲ್ಲೇ ನನಗೆ ಹಿಂಬಾಗಿಲಿನಿಂದ ತಟ್ಟೆ ನೂಕುತ್ತಿದ್ದರು. ಪಿಯುಸಿ ಪರೀಕ್ಷೆ ದಿನವೂ. ನಿಮಗೆ ಅದು ರಜೆ, ನನಗೆ ಊರಿಗೆಲ್ಲ ಗೊತ್ತಾಗುವ ನಾಚಿಕೆ, ಬಂದ ನೆಂಟರೆಲ್ಲ ಜಗಲಿ ಕಡೆ ನೋಡಿಯೇ ಒಳಗೆ ಹೋಗುತ್ತಿದ್ದರು.

ಸುಮತಿ ಆಂಟಿ:
ನೆಂಟರ ವಿಷಯ ನಿಜ. ನಮಗೂ ಹಾಗೇ ಇತ್ತು.

ಬಿಂದುರೇಖೆ (ಮಣಿಪಾಲ):
ಕೆಲಸದ ಬಗ್ಗೆ ಯಾರೂ ಮಾತಾಡಲಿಲ್ಲ, ನಾನು ಆಡುತ್ತೇನೆ. ಚಾಪೆ ಚೆನ್ನಾಗಿದೆ. ಗೋಡೆಯ ಮಾತುಗಳು ಬೇಡ. ಚಾಪೆ ಹೇಳಿದ್ದನ್ನೇ ಅವು ಇನ್ನೊಮ್ಮೆ ಹೇಳುತ್ತವೆ, ನೋಡುವವರು ನಿಂತು ಓದಿ ಹೌದು ಹೌದು ಅಂತ ತಲೆಯಾಡಿಸಿ ಮುಂದೆ ಹೋಗುತ್ತಾರೆ, ಕುಂಕುಮದ ಗೆರೆ ನೋಡುವುದೇ ಇಲ್ಲ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರ ಕೆಲಸ ನೋಡಿ. 1990ರ ದಶಕದಲ್ಲೇ ಸೂಜಿಗಳಿಗೆ ಉದ್ದುದ್ದ ದಾರ ಪೋಣಿಸಿ, ಅದಕ್ಕೆ ಕುಂಕುಮ ಮೆತ್ತಿ, ಹಗ್ಗದ ಹಾಗೆ ಮಾಡಿ ಗ್ಯಾಲರಿ ತುಂಬ ಇಳಿಬಿಟ್ಟರು. ಪೂಜೆ, ನೋವು, ಹೆಂಗಸರ ಕೈಕೆಲಸ ಎಲ್ಲ ಅದರಲ್ಲಿ ಉಂಟು, ಗೋಡೆಯಲ್ಲಿ ಬರೆದು ಹೇಳುವ ಅಗತ್ಯ ಬೀಳಲಿಲ್ಲ.

ಇನ್ನೊಂದು. ಯಾರಾದರೂ ಇದೆಲ್ಲ ಪರದೇಶದ ಚಾಳಿ ಅಂದರೆ ಬಾದಾಮಿ ಮ್ಯೂಸಿಯಮ್ಮಿಗೆ ಹೋಗಿ ಬನ್ನಿ ಅನ್ನಿ. ಅಲ್ಲಿ ಲಜ್ಜಾಗೌರಿ ಇದ್ದಾಳೆ, ತಲೆಯ ಜಾಗದಲ್ಲಿ ಕಮಲ, ಕಾಲು ಅಗಲಿಸಿ ಕೂತ ದೇವಿ. ಚಾಲುಕ್ಯರ ಕಾಲದ್ದು. ನಮ್ಮಲ್ಲೇ ನೋಡಿ, ಮೀಸೆಯೂ ಮೊಲೆಯೂ ಇರುವ ಜುಮಾದಿ ದೈವಕ್ಕೆ ಕೈ ಮುಗಿಯುತ್ತೇವೆ, ಯಕ್ಷಗಾನ ಮೇಳಗಳಲ್ಲಿ ಗಂಡಸರ ಸ್ತ್ರೀವೇಷಕ್ಕೆ ಚಪ್ಪಾಳೆ ಹೊಡೆದು ಬೆಳಗು ಮಾಡುತ್ತೇವೆ. ಹೆಣ್ಣಿನ ಮೈಯನ್ನು ಗಂಡಸು ಹೊತ್ತು ಕುಣಿದರೆ ಯಾರಿಗೂ ತಕರಾರಿಲ್ಲ, ಹುಡುಗಿಯೇ ತನ್ನ ಮೈಯ ಗೆರೆ ಎಳೆದರೆ ಮಾತ್ರ ಪರದೆ ಬೇಕಂತೆ.

ಹಳೇ ಫ್ರೇಮು:
ಮನೆಯವರ ಬಗ್ಗೆ: ಉದ್ಘಾಟನೆ ದಿನ ಕರೆಯಬೇಡಿ. ಆ ಗದ್ದಲದಲ್ಲಿ ಯಾರೋ ಮೈಕಿನಲ್ಲಿ ಮುಟ್ಟು ಮುಟ್ಟು ಅಂತ ಭಾಷಣ ಬಿಗಿಯುತ್ತಾರೆ, ಅಜ್ಜಿ ಕುರ್ಚಿಯಲ್ಲಿ ಮುದುಡಿ ಕೂರಬೇಕಾಗುತ್ತದೆ. ಮರುದಿನ ಬೆಳಿಗ್ಗೆ ಜನ ಇಲ್ಲದಾಗ ಕರೆದುಕೊಂಡು ಬನ್ನಿ. ಆ ತಟ್ಟೆ ಲೋಟ ಮನೆಯದ್ದಾ? ಕೇಳಿಯೇ ತಂದದ್ದು ತಾನೇ?

ಚಾಪೆಹುಡುಗಿ:
ಲೋಟ ಅಜ್ಜಿಯದ್ದೇ, ಅವರೇ ಅಟ್ಟದಿಂದ ತೆಗೆಸಿ ಕೊಟ್ಟರು, ಎಂತಕ್ಕೆ ಅಂತ ಮಾತ್ರ ಕೇಳಲಿಲ್ಲ. ಬಿಂದು, ಗೋಡೆಯ ಮಾತುಗಳನ್ನು ತೆಗೆಯುತ್ತೇನೆ, ಕಾಗೆಯದ್ದು ಒಂದು ಬಿಟ್ಟು. ಅದು ನನಗೆ ಬೇಕು. ಪತ್ರಕ್ಕೆ ಸೋಮವಾರ ಅರ್ಜಿ ಕೊಡುತ್ತೇನೆ. ಅಪ್ಪನಿಗೆ ಹೇಳುವುದು ಅಮ್ಮನ ಕೆಲಸ ಅಂತ ಅಮ್ಮನೇ ಒಪ್ಪಿಕೊಂಡಿದ್ದಾರೆ. ಸುಮತಿ ಆಂಟಿ, ನೀವೂ ಬನ್ನಿ, ಜಗಳ ಅಲ್ಲೇ ಮುಂದುವರಿಸುವ.