ಪದಚರ್ಚೆ: ಕುಯ್ಲಿಗೆ ಬಂದು ಹೋಗುವವರಿಗೆ ಯಾವ ಪದ?

ಗೆಳೆಯರೇ,

ಕಾಫಿ ತೋಟದ ಕೆಲಸಗಾರರ ಹಕ್ಕುಗಳ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಒಂದು ಪದಕ್ಕೆ ನಿಮ್ಮ ಸಹಾಯ ಬೇಕು. ಕೊಡಗಿಗೆ ಕುಯ್ಲಿಗೆಂದು ಬಂದು, ಮೂರ್ನಾಲ್ಕು ತಿಂಗಳು ಲೈನ್ ಮನೆಯಲ್ಲಿದ್ದು (ತೋಟದವರು ಕೆಲಸಗಾರರಿಗೆ ಕೊಡುವ ಸಾಲುಮನೆ), ಊರಿಗೆ ವಾಪಸಾಗಿ, ಮುಂದಿನ ವರ್ಷ ಮತ್ತೆ ಬರುವವರನ್ನು ಏನೆಂದು ಕರೆಯೋಣ?

‘ವಲಸಿಗ’ ಅಂದರೆ ಸಾಲದಾ ಅಂತ ಕೇಳಬಹುದು. ಅದರ ಹರವು ತುಂಬಾ ಜಾಸ್ತಿ. ಹುಣಸೂರಿನಿಂದ ಗೋಣಿಕೊಪ್ಪಕ್ಕೆ ಮದುವೆಯಾಗಿ ಬಂದ ಹೆಣ್ಣುಮಗಳೂ ಜನಗಣತಿಯ ಲೆಕ್ಕದಲ್ಲಿ ವಲಸೆ ಬಂದವಳೇ. 2011ರ ಗಣತಿಯ ಸುಮಾರು 45 ಕೋಟಿ ವಲಸಿಗರಲ್ಲಿ ಇಂಥವರದೇ ದೊಡ್ಡ ಪಾಲು. ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಆರು ತಿಂಗಳ ಗಡಿ ಇದೆ. ಅದಕ್ಕಿಂತ ಕಡಿಮೆ ದಿನ ಕೆಲಸಕ್ಕೆ ಹೋದವರು ‘ಅಲ್ಪಾವಧಿ’ಯವರು, ಅವರನ್ನು ಎಣಿಸುವುದು ಅವರ ಊರಿನಲ್ಲೇ. ಇಲ್ಲಿನ ರೋಬಸ್ಟಾ ಜಾತಿಯ ಕಾಫಿಯ ಕುಯ್ಲು ಆರು ತಿಂಗಳು ಎಲ್ಲಿ ಇರುತ್ತದೆ? ಹೀಗಾಗಿ ನಮ್ಮ ತೋಟ ನಡೆಸುವ ಜನವೇ ನಮ್ಮ ಜಿಲ್ಲೆಯ ಲೆಕ್ಕದಲ್ಲಿ ಕಾಣುವುದಿಲ್ಲ. ನನಗೆ ಇದು ತುಂಬಾ ಬೇಸರದ ವಿಷಯ.

ಕಾನೂನಿನ ಮಾತು ಇನ್ನೂ ಬೇರೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಗುತ್ತಿಗೆದಾರರು ಕರೆತಂದವರಿಗೆ ಮಾತ್ರ ಇತ್ತು. ಅದರ ಜಾಗಕ್ಕೆ ಬಂದ 2020ರ ಕಾರ್ಮಿಕ ಸುರಕ್ಷತಾ ಸಂಹಿತೆ ತಾವಾಗಿಯೇ ಬಂದವರನ್ನೂ ಸೇರಿಸಿತು, ಆದರೆ ಸಂಬಳ ತಿಂಗಳಿಗೆ 18,000 ರೂಪಾಯಿ ಮೀರದವರನ್ನು ಮಾತ್ರ. ಎರಡರಲ್ಲೂ ರಾಜ್ಯದ ಗಡಿ ದಾಟಿರಲೇಬೇಕು. ಎಚ್.ಡಿ. ಕೋಟೆಯಿಂದ ಬಂದು ಅದೇ ಸಾಲಿನಲ್ಲಿ ಹಣ್ಣು ಕುಯ್ಯುವವರು ಇದರಲ್ಲಿ ಬರುವುದಿಲ್ಲ.

ಇನ್ನು ಇಲ್ಲಿನ ಆಡುಮಾತು. ಸಿದ್ದಾಪುರದ ಕಡೆ ಯಾವ ಟೀ ಅಂಗಡಿಗೆ ಹೋದರೂ ಕೇಳುತ್ತೆ: “ಈ ಸಲ ಅಸ್ಸಾಮಿಗಳು ಬರಲಿಲ್ಲ, ಹಣ್ಣು ಗಿಡದಲ್ಲೇ ಒಣಗ್ತಾ ಇದೆ.” ಆ ಒಂದು ಹೆಸರಿನಲ್ಲಿ ಜಾರ್ಖಂಡ್, ಬಂಗಾಳದವರೂ ಸೇರಿಹೋಗುತ್ತಾರೆ. ‘ಆಸಾಮಿ’ ಅನ್ನುವ ಹಗುರ ಮಾತಿನ ಛಾಯೆಯೂ ತಾಗುತ್ತದೆ, ಅಲ್ವಾ? ಯಾರನ್ನು ಉದ್ದೇಶಿಸಿದ ಕೈಪಿಡಿಯೋ ಅವರನ್ನೇ ಅದರಲ್ಲಿ ಹಾಗೆ ಕರೆಯಲಾರೆ. ‘ಹೊರಗಿನವರು’ ಅನ್ನುವುದೂ ಬೇಡ.

‘ಹಂಗಾಮಿ ಕಾರ್ಮಿಕ’ ಎಂದರೆ ಹಂಗಾಮಿ ಮುಖ್ಯಮಂತ್ರಿಯ ಥರ, ತಾತ್ಕಾಲಿಕ ಅನ್ನುವ ಅರ್ಥ ಮುಂದೆ ಬರುತ್ತದೆ. ‘ಋತುಮಾನದ ವಲಸೆ’ ವರದಿಗೆ ಸರಿ, ಲೈನ್ ಮನೆಯ ಗೋಡೆಗೆ ಅಂಟಿಸಿದರೆ ಯಾರೂ ಓದಲ್ಲ. ‘ಕುಯ್ಲಾಳು’ ಚಿಕ್ಕದಾಗಿ ಚೆನ್ನಾಗಿದೆ, ಆದರೆ ‘ಆಳು’ ಕೆಲವರಿಗೆ ನೋವು ಕೊಡಬಹುದು.

ನನ್ನ ಮನಸ್ಸು ಹೋಗಿರುವುದು ‘ಗುಳೆ’ ಕಡೆ. ಹೋಗಿ ವಾಪಸ್ ಬರುವ ಅರ್ಥ ಅದರಲ್ಲೇ ಇದೆ. ಆದರೆ ಅದು ಬಿಟ್ಟುಹೋಗುವ ಊರಿನ ಮಾತು, ಕೊಡಗಿನಲ್ಲಿ ಬಳಕೆಯಿಲ್ಲ. ರಾಯಚೂರು, ಕೊಪ್ಪಳ, ಯಾದಗಿರಿ ಕಡೆಯವರು ದಯವಿಟ್ಟು ತಿಳಿಸಿ: ‘ಗುಳೆ ಹೋದರು’ ಎನ್ನುವ ಹಾಗೆ ‘ಗುಳೆ ಬಂದವರು’ ಅಂತಲೂ ಹೇಳುತ್ತೀರಾ? ಬರ, ಬಡತನದ ನೆನಪಿಲ್ಲದೆ ಸುಮ್ನೆ ‘ಕೆಲಸಕ್ಕೆ ಹೋಗಿ ಬರುವುದು’ ಅನ್ನುವ ಅರ್ಥದಲ್ಲಿ ಅದು ನಡೆಯುತ್ತದಾ? ಚಿಕ್ಕಮಗಳೂರು, ಸಕಲೇಶಪುರದ ತೋಟಗಳಲ್ಲಿ ಬೇರೆ ಪದ ಇದ್ದರೆ ಅದನ್ನೂ ಬರೆಯಿರಿ.