ಮನೆ ಪಕ್ಕ ಹೆದ್ದಾರಿ ಅಗಲೀಕರಣ: ಮೊದಲು ಏನು ನೋಡ್ಬೇಕು?

ಪ್ರಶ್ನೆ: ಶಿವಮೊಗ್ಗ–ಸಾಗರ ರಸ್ತೆ ಬದಿ ಮಣ್ಣಿನ ಗೋಡೆಯ ಹಂಚಿನ ಮನೆ. ಅಂಗಳದ ಒಂದು ಪಾಲು ಹೋಗುತ್ತೆ, ರಸ್ತೆ ಎತ್ತರಿಸ್ತಾರಂತೆ. ನೀರು, ಗೋಡೆ, ಪರಿಹಾರ: ಎಲ್ಲಿಂದ ಶುರು ಮಾಡೋದು?

ಉತ್ತರ 1: ನೀರಿಂದ. ರಸ್ತೆ ಒಂದಡಿ ಏರಿದ್ರೆ ಸಾಕು, ಜುಲೈ ಮಳೆಗೆ ಅಂಗಳದಲ್ಲಿ ನೀರು ನಿಲ್ಲುತ್ತೆ. ಮುಗಿದ ರಸ್ತೆಯ ಮಟ್ಟ, ಚರಂಡಿಯ ತಳಮಟ್ಟ ಎರಡನ್ನೂ ನಕ್ಷೆಯಲ್ಲಿ ನೋಡಿ. ಚರಂಡಿ ತಳ ಅಂಗಳಕ್ಕಿಂತ ಕೆಳಗಿರಬೇಕು, ರಸ್ತೆ ಅಡಿಯಲ್ಲಿ ನೀರು ದಾಟಿಸೋ ಮೋರಿವರೆಗೂ ಇಳಿಜಾರು ಸಿಗಬೇಕು. ಚರಂಡಿ ಕಟ್ಟಿ ಕೊನೆಯನ್ನು ಮೋರಿಗೆ ಜೋಡಿಸದೆ ಬಿಡೋದೇ ದೊಡ್ಡ ಅನಾಹುತ. ಗುಡ್ಡದ ನೀರೆಲ್ಲ ಅಲ್ಲೇ ಉಕ್ಕುತ್ತೆ. ತೋಟದ ಬಸಿಗಾಲುವೆ ರಸ್ತೆ ದಾಟೋ ಜಾಗ ಮುಚ್ಚಿಹೋದ್ರೆ ಅಡಿಕೆ ಬೇರು ಕೊಳೆಯುತ್ತೆ.

ಉತ್ತರ 2: ಗೋಡೆ ವಿಷಯ. ರೋಲರ್ ಬರೋ ಮುಂಚೆ ಪ್ರತಿ ಗೋಡೆಯ ಫೋಟೋ, ತಾರೀಖಿನ ಸಮೇತ. ಹಳೇ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಇಟ್ಟು ಎರಡು ತುದಿಗೆ ಪ್ಲಾಸ್ಟರ್ ಹಚ್ಚಿ, ಪಕ್ಕದಲ್ಲಿ ದಿನಾಂಕ ಬರೀರಿ. ಗಾಜು ಒಡೆದ್ರೆ ಬಿರುಕು ಬೆಳೀತಿದೆ ಅಂತ ಅರ್ಥ. ಮನೆ ಹತ್ತಿರ ರೋಲರಿನ ಕಂಪನ ಆಫ್ ಮಾಡಿ, ಮಣ್ಣನ್ನು ತೆಳು ಪದರದಲ್ಲಿ ಹಾಕಿ ಹೆಚ್ಚು ಸಲ ಓಡಿಸಬಹುದು. ಇದನ್ನು ಸೈಟ್ ಎಂಜಿನಿಯರಿಗೆ ಬಾಯಲ್ಲಿ ಹೇಳಬೇಡಿ, ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ.

ಉತ್ತರ 3: ಪರಿಹಾರಕ್ಕೆ: 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಸೆಕ್ಷನ್ 3ಎ ಅಧಿಸೂಚನೆ (ಜಮೀನು ತಗೊಳ್ಳೋ ಉದ್ದೇಶ ಸಾರೋದು) ಪ್ರಕಟವಾದ 21 ದಿನದೊಳಗೆ ಸೆಕ್ಷನ್ 3ಸಿ ಪ್ರಕಾರ ಆಕ್ಷೇಪಣೆ ಹಾಕಿ. ದರದ ಮಾತು ಆಮೇಲೆ, ಪರಿಹಾರ ನಿಗದಿ ಮಾಡೋ 3ಜಿ ಹಂತದಲ್ಲಿ. ಬಾವಿ, ಕಾಂಪೌಂಡ್, ಮರಗಳನ್ನು ಒಂದೊಂದಾಗಿ ಪಟ್ಟಿ ಮಾಡಿಸಿ. ಮಾರುಕಟ್ಟೆ ಬೆಲೆ ಮೇಲೆ ಶೇ. 100 ಸೊಲೇಷಿಯಂ (ಜಮೀನು ಕಳ್ಕೊಂಡಿದ್ದಕ್ಕೆ ಕೊಡೋ ಹೆಚ್ಚುವರಿ ಹಣ) ಸೇರಬೇಕು. ದರ ಒಪ್ಪದಿದ್ರೆ 3ಜಿ(5) ಪ್ರಕಾರ ಮಧ್ಯಸ್ಥಿಕೆಗೆ ಹೋಗಿ. ಪಹಣಿ ಇನ್ನೂ ಅಜ್ಜನ ಹೆಸರಲ್ಲಿದ್ರೆ ಇವತ್ತೇ ಪೌತಿ ಖಾತೆಗೆ (ತೀರಿಹೋದವರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಅರ್ಜಿ ಹಾಕಿ. ಹಣ ನಿಲ್ಲೋದು ಬಹುಪಾಲು ಅಲ್ಲೇ.